ಮೂರು ಉತ್ತರ ಪತ್ರಿಕೆ, ಒಂದೇ ತೊಡಕು: ಏಳನೇ ತರಗತಿಯ ಅರ್ಧವಾರ್ಷಿಕದ ಒಂದು ಪ್ರಕರಣ

ಈ ಪ್ರಕರಣದ ಹುಡುಗಿಗೆ ಹನ್ನೆರಡು ವರ್ಷ. ಏಳನೇ ತರಗತಿ. ಆರನೆಯದರ ಕೊನೆಯವರೆಗೂ ಅವಳ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬರವಣಿಗೆ ಅಚ್ಚುಕಟ್ಟು, ಹೋಮ್‌ವರ್ಕ್ ತಪ್ಪಿಸಿದವಳಲ್ಲ, ಎಲ್ಲದರಲ್ಲೂ 75ರ ಮೇಲೆ. ಏಳನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 41, ವಿಜ್ಞಾನಕ್ಕೆ 52, ಸಮಾಜಕ್ಕೆ 58 ಬಂತು. ಭಾಷೆಗಳಲ್ಲಿ ಮಾತ್ರ 80 ದಾಟಿತ್ತು. ಮಗುವಿನ ಗುರುತು ಸಿಗಬಾರದು ಅಂತ ಹೆಸರು, ಶಾಲೆ ಯಾವುದನ್ನೂ ಇಲ್ಲಿ ಬರೆದಿಲ್ಲ.

ನಾನು ಅವಳ ಕ್ಲಾಸ್ ಟೀಚರ್. ಪಾಠ ಮಾಡುವುದು ಭಾಷೆ. ಹಾಗಾಗಿ ನನ್ನ ಪೀರಿಯಡ್‌ನಲ್ಲಿ ನಾನು ನೋಡುತ್ತಿದ್ದ ಹುಡುಗಿಗೂ ಅಂಕಪಟ್ಟಿಯಲ್ಲಿದ್ದ ಹುಡುಗಿಗೂ ತಾಳೆಯೇ ಆಗುತ್ತಿರಲಿಲ್ಲ.

ಅಂಕ ಬಂದ ವಾರವೇ ಕಾರಣಗಳೂ ಬಂದವು. ಗಣಿತದ ಮೇಷ್ಟ್ರು, "ಗಮನ ಇಲ್ಲ, ಕೇಳಿದ್ರೆ ಉತ್ತರವೂ ಕೊಡಲ್ಲ" ಅಂದರು. ವಿಜ್ಞಾನದವರು, "ಬಾಯಿಪಾಠ ಚೆನ್ನಾಗಿ ಮಾಡ್ತಾಳೆ, ಅನ್ವಯ ಮಾಡೋಕೆ ಬರಲ್ಲ" ಅಂದರು. ತಂದೆಯ ಪ್ರಕಾರ ಫೋನ್ ಕಾರಣ. ತಾಯಿ ಹೇಳಿದ್ದು ಮಾತ್ರ ಬೇರೆ: "ಮೇಡಂ, ಇವಳು ಓದೋಕೆ ಕೂತ್ರೆ ಎರಡು ಗಂಟೆ ಏಳಲ್ಲ. ಆದ್ರೂ ಯಾಕೆ ಹಿಂಗೆ?" ಹುಡುಗಿಯ ತೀರ್ಮಾನ ಎಲ್ಲಕ್ಕಿಂತ ಚಿಕ್ಕದು: "ನಂಗೆ ಮ್ಯಾಥ್ಸ್ ಬರಲ್ಲ ಮಿಸ್."

ತಾಯಿಯ ಪ್ರಶ್ನೆಯನ್ನೇ ನಾನು ಹಿಡಿದುಕೊಂಡೆ. ಓದದೆ ಅಂಕ ಇಳಿದರೆ ಅದಕ್ಕೆ ವಿವರಣೆ ಬೇಕಿಲ್ಲ. ಮೊದಲಿಗಿಂತ ಜಾಸ್ತಿ ಓದಿಯೂ ಇಳಿದಿದ್ದರೆ ಎಲ್ಲೋ ಏನೋ ಕಳಚಿದೆ ಅಂತಲೇ ಅರ್ಥ. ಎಲ್ಲಿ ಕಳಚಿದೆ ಎಂದು ಅಂಕಪಟ್ಟಿ ಹೇಳುವುದಿಲ್ಲ. ಉತ್ತರ ಪತ್ರಿಕೆ ಹೇಳುತ್ತದೆ.

ಮೇಜಿನ ಮೇಲೆ ಮೂರು ಪತ್ರಿಕೆ

ಪ್ರಾಥಮಿಕ ತರಗತಿಗಳಲ್ಲಿ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಶಿಕ್ಷಕರು ಇಡೀ ದಿನ ಮಗುವನ್ನು ನೋಡುತ್ತಾರೆ. ಮಾಧ್ಯಮಿಕ ಹಂತಕ್ಕೆ ಬಂದ ಕೂಡಲೇ ವಿಷಯಕ್ಕೊಬ್ಬರು. ಒಬ್ಬೊಬ್ಬರಿಗೂ ಮಗುವಿನ ಒಂದೊಂದು ತುಂಡು ಕಾಣುತ್ತದೆ. ಗಣಿತದ ಪತ್ರಿಕೆ ಗಣಿತದವರ ಕಟ್ಟಿನಲ್ಲಿ, ಸಮಾಜದ್ದು ಸಮಾಜದವರ ಕಟ್ಟಿನಲ್ಲಿ. ಒಂದೇ ಮಗುವಿನ ಎಲ್ಲ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಓದುವ ಕೆಲಸ ಯಾರದ್ದೂ ಅಲ್ಲ. ಮಾಧ್ಯಮಿಕ ಹಂತದ ದೊಡ್ಡ ಕೊರತೆ ಇದು ಅಂತ ನನಗೆ ಅನ್ನಿಸುತ್ತದೆ. ನಾನು ಮೂರನ್ನೂ ಕೇಳಿ ತರಿಸಿಕೊಂಡೆ, ಅವಳನ್ನು ಜೊತೆಗೆ ಕೂರಿಸಿಕೊಂಡೆ. ಅಂಕ ಬರೆದಿದ್ದ ಮೂಲೆಯನ್ನು ಮಡಿಸಿ ಇಟ್ಟೆವು.

ಗಣಿತದಲ್ಲಿ ಒಂದು ಲೆಕ್ಕ: 2/3 + 1/4. ಅವಳ ಉತ್ತರ 3/7. ಮೇಲಿನದ್ದು ಮೇಲಿನದ್ದಕ್ಕೆ, ಕೆಳಗಿನದ್ದು ಕೆಳಗಿನದ್ದಕ್ಕೆ ಕೂಡಿದ್ದಾಳೆ. ಸರಿ ಉತ್ತರ 11/12. ಎಷ್ಟೋ ಮಕ್ಕಳು ಮಾಡುವ ತಪ್ಪು ಇದು, ಹೊಸದೇನಲ್ಲ. ಆದರೆ ಗಮನಿಸಿ, 3/7 ಅಂದರೆ ಅರ್ಧಕ್ಕಿಂತ ಕಡಿಮೆ. 2/3 ಅರ್ಧಕ್ಕಿಂತ ಜಾಸ್ತಿ. ಅದಕ್ಕೆ ಇನ್ನಷ್ಟು ಕೂಡಿದ ಮೇಲೆ ಮೊತ್ತ ಮೊದಲಿಗಿಂತ ಚಿಕ್ಕದಾಗಿದೆ. ಅದು ಅವಳಿಗೆ ವಿಚಿತ್ರ ಅನ್ನಿಸಿಲ್ಲ.

ವಿಜ್ಞಾನದಲ್ಲಿ ವೇಗದ ಪ್ರಶ್ನೆ. ಒಂದು ವಾಹನ 15 ನಿಮಿಷದಲ್ಲಿ 12 ಕಿ.ಮೀ. ಹೋದರೆ ಗಂಟೆಗೆ ಎಷ್ಟು ವೇಗ? ಸೂತ್ರ ಸರಿಯಾಗಿ ಬರೆದಿದ್ದಾಳೆ, ಅದಕ್ಕೆ ಒಂದು ಅಂಕವೂ ಸಿಕ್ಕಿದೆ. ಆಮೇಲೆ 15 ನಿಮಿಷವನ್ನು 0.15 ಗಂಟೆ ಅಂತ ಬರೆದು, 12ನ್ನು ಅದರಿಂದ ಭಾಗಿಸಿ, 80 ಅಂತ ಉತ್ತರ ಕೊಟ್ಟಿದ್ದಾಳೆ. 15 ನಿಮಿಷ ಅಂದರೆ ಕಾಲು ಗಂಟೆ, ಉತ್ತರ 48. ಭಾಗಾಕಾರದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಗಮನ ಇಲ್ಲದ ಮಗು ಮಾಡುವ ಕೆಲಸ ಅಲ್ಲ ಅದು.

ಸಮಾಜದಲ್ಲಿ ನಕ್ಷೆ. ಪ್ರಮಾಣ 1:50,000. ನಕ್ಷೆಯಲ್ಲಿ ಎರಡು ಊರುಗಳ ನಡುವೆ 4 ಸೆಂ.ಮೀ. ಇದ್ದರೆ ನಿಜವಾದ ದೂರ ಎಷ್ಟು? 2 ಕಿ.ಮೀ. ಅವಳು 50,000ವನ್ನು 4ರಿಂದ ಭಾಗಿಸಿ 12,500 ಕಿ.ಮೀ. ಅಂತ ಬರೆದಿದ್ದಾಳೆ. ಭೂಮಿಯ ವ್ಯಾಸವೇ ಸುಮಾರು 12,700 ಕಿ.ಮೀ. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಭೂಮಿಯ ಆಕಾರ, ಚಲನೆ ಬಗ್ಗೆ ಒಳ್ಳೆಯ ಉತ್ತರ ಬರೆದಿರುವುದೂ ಅವಳೇ.

ಮೂರು ಜನ ಶಿಕ್ಷಕರು ಮೂರು ಕಡೆ ಕೆಂಪು ಗೀಟು ಹಾಕಿದ್ದಾರೆ. ಒಬ್ಬರಿಗೆ ಅದು ಭಿನ್ನರಾಶಿಯ ತಪ್ಪು, ಒಬ್ಬರಿಗೆ ಅನ್ವಯದ ತಪ್ಪು, ಒಬ್ಬರಿಗೆ ನಕ್ಷೆ ಓದುವ ತಪ್ಪು. ಪಕ್ಕಪಕ್ಕ ಇಟ್ಟಾಗ ಮೂರೂ ಒಂದೇ. ಭಾಗ ಮತ್ತು ಪೂರ್ಣದ ಸಂಬಂಧ ಅವಳಿಗೆ ಸಂಖ್ಯೆಯಾಗಿ ಕಾಣುತ್ತಿಲ್ಲ. ಎರಡು ಅಂಕಿ, ನಡುವೆ ಒಂದು ಗೆರೆಯೋ ಎರಡು ಚುಕ್ಕಿಯೋ, ಇವಕ್ಕೆ ಏನೋ ಒಂದು ಮಾಡಬೇಕು ಅಷ್ಟೇ. ಏನು ಮಾಡಬೇಕು ಅನ್ನುವುದು ನೆನಪಾದರೆ ಸರಿ, ಇಲ್ಲದಿದ್ದರೆ ಕೈಗೆ ಬಂದದ್ದು.

ಇದನ್ನು ಖಚಿತ ಮಾಡಿಕೊಳ್ಳೋಕೆ ಒಂದು ಹಳೆಯ ಪ್ರಶ್ನೆ ಕೊಟ್ಟೆ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಸಮೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ್ದು ಅದು. 12/13 + 7/8, ಇದು ಯಾವುದಕ್ಕೆ ಹತ್ತಿರ? 1, 2, 19, 21. ಲೆಕ್ಕ ಮಾಡಬೇಕಿಲ್ಲ, ಅಂದಾಜು ಸಾಕು. ಎರಡೂ ಒಂದಕ್ಕೆ ಹತ್ತಿರ ಇವೆ, ಹಾಗಾಗಿ ಉತ್ತರ 2. ಆಗ ಸರಿ ಹೇಳಿದವರು ಶೇ. 24 ಮಕ್ಕಳು ಮಾತ್ರ. ನಮ್ಮ ಹುಡುಗಿ 19ಕ್ಕೆ ಸುತ್ತು ಹಾಕಿದಳು. "ಯಾಕಮ್ಮ?" ಅಂದೆ. "ಹನ್ನೆರಡು, ಏಳು ಕೂಡಿದ್ರೆ ಹತ್ತೊಂಬತ್ತು ಅಲ್ವಾ ಮಿಸ್" ಅಂದಳು. ಸರಿ ಬಂತಾ ಅಂತ ನನ್ನ ಮುಖ ನೋಡಿದಳು. ಪತ್ರಿಕೆಯನ್ನು ನೋಡಲಿಲ್ಲ.

ಹಾಗಾದರೆ ಆರನೇ ತರಗತಿಯಲ್ಲಿ 75 ಹೇಗೆ ಬಂತು?

ಈ ಪ್ರಶ್ನೆಯನ್ನು ತಂದೆ ಕೇಳಿದರು, ನ್ಯಾಯವಾದ ಪ್ರಶ್ನೆ. ಆರನೆಯದರಲ್ಲಿ ಭಿನ್ನರಾಶಿ ಅನ್ನುವುದು ಒಂದು ಪಾಠ. ಪಾಠ ಮುಗಿದ ಕೂಡಲೇ ಘಟಕ ಪರೀಕ್ಷೆ. "ಈ ಭಿನ್ನರಾಶಿಗಳನ್ನು ಕೂಡಿ" ಅಂತ ಪ್ರಶ್ನೆಯೇ ಹೇಳಿಬಿಡುತ್ತದೆ. ನಿಯಮ ವಾರದ ಹಿಂದಷ್ಟೇ ಉರು ಹೊಡೆದದ್ದು, ಇನ್ನೂ ಹಸಿ ಇರುತ್ತದೆ. ಮಾಡಿ ಬರುತ್ತಾರೆ. ಏಳನೆಯದಕ್ಕೆ ಬಂದಾಗ ಭಿನ್ನರಾಶಿ ಬರೀ ಒಂದು ಪಾಠವಾಗಿ ಉಳಿಯುವುದಿಲ್ಲ, ಬೇರೆ ಪಾಠಗಳ ಒಳಗೆ ಸೇರಿಕೊಳ್ಳುತ್ತದೆ. ಅನುಪಾತ, ಶೇಕಡಾ, ಸಮೀಕರಣ, ವೇಗ, ನಕ್ಷೆಯ ಪ್ರಮಾಣ ಎಲ್ಲದರಲ್ಲೂ ಅದು ಬೇಕು, ಆದರೆ ಬೇಕು ಅಂತ ಯಾರೂ ಹೇಳುವುದಿಲ್ಲ. ಮೇಲಾಗಿ ಅರ್ಧವಾರ್ಷಿಕದಲ್ಲಿ ಅರ್ಧ ಪುಸ್ತಕ ಒಟ್ಟಿಗೆ ಬರುತ್ತದೆ. ಒಂದು ವಾರದ ನೆನಪು ಅಲ್ಲಿ ಸಾಲದು. ಅದಕ್ಕೇ ವರ್ಷದ ನಡುವೆಯೇ ಇಂಥ ಮಕ್ಕಳು ಕಾಣಿಸಿಕೊಳ್ಳುವುದು.

ಅಂದರೆ ತೊಂದರೆ ಕಂಡದ್ದು ಈಗ, ಆದದ್ದು ಒಂದೆರಡು ವರ್ಷದ ಹಿಂದೆ. ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಮಾತಿಗೆ ಬರುತ್ತದೆ. ಬ್ರಿಟನ್ ಮತ್ತು ಅಮೆರಿಕದ ಮಕ್ಕಳ ದೀರ್ಘಕಾಲದ ದಾಖಲೆಗಳಲ್ಲಿ ಹತ್ತು ವರ್ಷದ ಆಸುಪಾಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಗೊತ್ತಿತ್ತು ಅನ್ನುವುದರ ಮೇಲೆ ಪ್ರೌಢಶಾಲೆಯ ಬೀಜಗಣಿತ ಹೇಗಿರುತ್ತದೆ ಅಂತ ಅಂದಾಜು ಮಾಡಬಹುದಿತ್ತು. ಮಗುವಿನ ಬುದ್ಧಿಮತ್ತೆ, ಮನೆಯ ಆದಾಯ, ಪೋಷಕರ ಓದು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ನಂಟು ಉಳಿಯಿತು. ಏಳನೇ ತರಗತಿಯಲ್ಲಿ ಇದನ್ನು ಹಿಡಿದರೆ ಇನ್ನೂ ತಡವಾಗಿಲ್ಲ. ಬಿಟ್ಟರೆ ಎಂಟು, ಒಂಬತ್ತರಲ್ಲಿ ಇದೇ ತೊಡಕು ಬೀಜಗಣಿತದ ವೇಷದಲ್ಲಿ ಬರುತ್ತದೆ, ಆಗ ಮೂಲ ಹುಡುಕುವುದೂ ಕಷ್ಟ.

ಇನ್ನೂ ಎರಡು ಸಂಗತಿ

ಭಿನ್ನರಾಶಿಯೊಂದೇ ಇಷ್ಟು ಅಂಕ ಇಳಿಸಲಿಲ್ಲ. ಅವಳು ಓದುತ್ತಿದ್ದ ರೀತಿ ನೋಡಬೇಕಿತ್ತು. ವಿಜ್ಞಾನದ ಪುಸ್ತಕ ತರಿಸಿದೆ. ಪ್ರತಿ ಪುಟದಲ್ಲೂ ಹಳದಿ, ಗುಲಾಬಿ ಹೈಲೈಟರ್. ಕೆಲವು ಪುಟಗಳಲ್ಲಿ ಬಣ್ಣ ಹಚ್ಚದ ಸಾಲು ಹುಡುಕಬೇಕು. ಓದುವುದು ಅಂದರೆ ಅವಳಿಗೆ ಪಾಠವನ್ನು ಮತ್ತೆ ಮತ್ತೆ ಓದುವುದು, ಬಣ್ಣ ಹಚ್ಚುವುದು. ಪುಸ್ತಕ ಮುಚ್ಚಿ ಏನು ನೆನಪಿದೆ ಅಂತ ಒಮ್ಮೆಯೂ ನೋಡಿಕೊಂಡಿಲ್ಲ.

ಇದರ ಬಗ್ಗೆ ಸಂಶೋಧನೆ ಸಾಕಷ್ಟಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯ ಓದಿಸಿದರು. ಒಂದು ಗುಂಪು ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರದ ನಂತರ ಕೇಳಿದಾಗ ಬರೆದವರು ಮುಂದು. ಮತ್ತೆ ಓದಿದಾಗ ಎಲ್ಲ ಪರಿಚಯದ್ದು ಅನ್ನಿಸುತ್ತದೆ, ಬಂತು ಅಂತ ಮಗು ನಂಬುತ್ತದೆ. ಪರೀಕ್ಷೆಯ ಬಿಳಿ ಹಾಳೆ ಎದುರಿಗೆ ಬಂದಾಗ ಮಾತ್ರ ಬಂದಿಲ್ಲ ಅಂತ ಗೊತ್ತಾಗುವುದು. ಈ ಹುಡುಗಿಗೆ ಆದದ್ದು ಅದೇ. ಅವಳು ಎರಡು ಗಂಟೆ ಕೂತದ್ದು ಸುಳ್ಳಲ್ಲ.

ಎರಡನೆಯದು ನಿದ್ದೆ. ಅರ್ಧವಾರ್ಷಿಕಕ್ಕೆ ಮುಂಚಿನ ವಾರಗಳಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಗ್ಗೆ ಐದಕ್ಕೆ ಏಳುತ್ತಿದ್ದಳು. ಆರು ಗಂಟೆ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ ಪ್ರಕಾರ 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ಮೈಯ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಗ್ಗೆ ತಡವಾಗಿ ಇಳಿಯುತ್ತದೆ. ಹನ್ನೆರಡರ ಮಗು ಬೆಳಗ್ಗೆ ಏಳಲಾರದೆ ಒದ್ದಾಡುವುದು ಸೋಮಾರಿತನ ಅಲ್ಲ. ಐದಕ್ಕೆ ಎಬ್ಬಿಸುವುದು ಒಳ್ಳೆಯ ಅಭ್ಯಾಸ ಅಂತ ಎಷ್ಟೋ ಮನೆಗಳು ನಂಬಿವೆ. ರಾತ್ರಿ ಎಂಟಕ್ಕೆ ಮಲಗಿಸಲಾಗದ ಮಗುವನ್ನು ಐದಕ್ಕೆ ಎಬ್ಬಿಸಬಾರದು. ಇದನ್ನು ಪೋಷಕರಿಗೆ ನೇರವಾಗಿಯೇ ಹೇಳಿದೆ.

ಫೋನ್? ಇತ್ತು, ದಿನಕ್ಕೆ ಅರ್ಧ ಗಂಟೆ, ಅದೂ ಜಾಸ್ತಿ ಹಳೆಯ ಗೆಳತಿಯ ಜೊತೆ. ಆ ಗೆಳತಿ ಈ ವರ್ಷ ಬೇರೆ ಸೆಕ್ಷನ್‌ಗೆ ಹೋಗಿದ್ದಳು. ತರಗತಿಯಲ್ಲಿ ಪಕ್ಕದಲ್ಲಿ ಕೂರುವವರು ಹೊಸಬರು. ವರ್ಷದ ಶುರುವಿನಲ್ಲಿ ಗಣಿತದಲ್ಲಿ ಒಮ್ಮೆ ಪ್ರಶ್ನೆ ಕೇಳಿದಾಗ ಹಿಂದಿನ ಬೆಂಚಿನಿಂದ ಯಾರೋ ನಕ್ಕರಂತೆ. ಆಮೇಲೆ ಅವಳು ಕೈ ಎತ್ತಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನುವ ಭಾವನೆ ಈ ವಯಸ್ಸಿನಲ್ಲಿ ತುಂಬ ಬಲವಾಗಿರುತ್ತದೆ ಅಂತ ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲೇ ಬರೆದಿದ್ದರು. ನಕ್ಕವರಿಗೆ ಅದು ನೆನಪೂ ಇರಲಾರದು. ಇವಳಿಗೆ ಅರ್ಧ ವರ್ಷದ ಪ್ರಶ್ನೆಗಳು ಹೋದವು. ಮೇಷ್ಟ್ರಿಗೆ "ಗಮನ ಇಲ್ಲ" ಅಂತ ಕಂಡದ್ದು ಇದೇ ಮೌನ.

ಏನು ಮಾಡಿದೆವು

ತಂದೆ ಟ್ಯೂಷನ್ ಗೊತ್ತು ಮಾಡಲು ಹೊರಟಿದ್ದರು. ನಾನು ಸ್ವಲ್ಪ ತಡೆಯಲು ಕೇಳಿದೆ. ಟ್ಯೂಷನ್‌ನಲ್ಲಿ ಸಾಮಾನ್ಯವಾಗಿ ಶಾಲೆಯ ಇವತ್ತಿನ ಪಾಠವನ್ನೇ ಇನ್ನೊಮ್ಮೆ ಮಾಡುತ್ತಾರೆ. ಇವಳ ತೊಡಕು ಇವತ್ತಿನ ಪಾಠದಲ್ಲಿಲ್ಲ. ಜೊತೆಗೆ ನಿದ್ದೆಯಿಂದ ಇನ್ನೊಂದು ಗಂಟೆ ಹೋಗುತ್ತದೆ.

ಇನ್ನೊಂದು ಸಲಹೆ, ಆಟದ ಪೀರಿಯಡ್‌ನಲ್ಲಿ ಅವಳನ್ನು ಹೆಚ್ಚುವರಿ ಗಣಿತಕ್ಕೆ ಕೂರಿಸೋಣ ಅಂತ ಬಂತು. ನಾನು ಒಪ್ಪಲಿಲ್ಲ. ವಾರದಲ್ಲಿ ಅವಳು ಬಾಯಿ ತುಂಬ ಮಾತಾಡುತ್ತಿದ್ದ ಪೀರಿಯಡ್ ಅದೊಂದೇ. ಅದನ್ನು ಕಿತ್ತುಕೊಂಡರೆ ಗಣಿತ ಶಿಕ್ಷೆಯಾಗುತ್ತದೆ. ಕೊನೆಗೆ ಗಣಿತದ ಮೇಷ್ಟ್ರು ವಾರಕ್ಕೆ ಎರಡು ದಿನ, ಮೊದಲ ಪೀರಿಯಡ್‌ಗೆ ಮುಂಚೆ ಕಾಲು ಗಂಟೆ ಕೊಡುತ್ತೇನೆ ಅಂದರು. ಸಿಲಬಸ್ ಮುಗಿಸುವ ಒತ್ತಡ ಅವರ ತಲೆ ಮೇಲಿತ್ತು, ಆದರೂ ಕೊಟ್ಟರು. ಅವರದ್ದೇ ಇನ್ನೊಂದು ಮಾತು ಬಹಳ ಉಪಯೋಗಕ್ಕೆ ಬಂತು: "ಇವಳೊಬ್ಬಳನ್ನೇ ಕರೆದ್ರೆ ನಾಚ್ಕೋತಾಳೆ. ಇದೇ ತಪ್ಪು ಮಾಡಿದ ಇನ್ನೂ ನಾಲ್ಕೈದು ಮಕ್ಕಳಿದ್ದಾರೆ, ಎಲ್ಲರನ್ನೂ ಕರೀತೀನಿ."

ಆ ಕಾಲು ಗಂಟೆಯಲ್ಲಿ ಮೊದಲ ಕೆಲವು ವಾರ ಕೂಡುವ, ಕಳೆಯುವ ಲೆಕ್ಕವೇ ಇರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದನೆಯ ಒಂದು ಗೆರೆ, ಈ ತುದಿಗೆ 0, ಆ ತುದಿಗೆ 2. ಚೀಟಿ ಎತ್ತಿ ಅದರಲ್ಲಿರುವ ಸಂಖ್ಯೆಯ ಜಾಗದಲ್ಲಿ ಹೋಗಿ ನಿಲ್ಲಬೇಕು. 1/2, 3/4, 7/8, 5/4, 0.4. ನಿಂತ ಮೇಲೆ ಯಾಕೆ ಅಲ್ಲಿ ಅಂತ ಹೇಳಬೇಕು. ಮೊದಲ ದಿನ ಅವಳು 1/8ನ್ನು 1/3ರ ಬಲಕ್ಕೆ ನಿಂತು ತೋರಿಸಿದಳು, ಎಂಟು ದೊಡ್ಡದು ಅಂತ. ಪಕ್ಕದ ಹುಡುಗ "ಎಂಟು ಪಾಲು ಮಾಡಿದ್ರೆ ಪಾಲು ಚಿಕ್ಕದಾಗುತ್ತೆ ಕಣೇ" ಅಂದ. ಅವಳು ಜಾಗ ಬದಲಿಸಿದಳು. ಆಮೇಲೆ ಗಂಟೆ ಮತ್ತು ನಿಮಿಷ ಬಂದವು. ಅದೇ ಗೆರೆಯ ಕೆಳಗೆ 15, 30, 45, 60 ಬರೆದಾಗ 15 ನಿಮಿಷ ಕಾಲು ಗಂಟೆಯ ಜಾಗದಲ್ಲೇ ಬಂದು ಕೂತಿತು. 0.15 ಎಲ್ಲಿ ಬರುತ್ತೆ ಅಂತ ಅವಳೇ ಹುಡುಕಿ, ಅದು ಕಾಲಿಗಿಂತ ಹಿಂದೆ ಇದೆ ಅಂತ ಕಂಡುಕೊಂಡಳು. ಈ ಹಂತ ಮುಗಿದ ಮೇಲೆಯೇ ಛೇದ ಸಮ ಮಾಡುವ ನಿಯಮ. ಲೆಕ್ಕಕ್ಕೆ ಮುಂಚೆ ಅಂದಾಜು ಬರೆಯುವುದು ಕಡ್ಡಾಯ.

ವಿಜ್ಞಾನ ಮತ್ತು ಸಮಾಜದ ಶಿಕ್ಷಕರಿಗೆ ನಾವು ಕೇಳಿಕೊಂಡದ್ದು ಇಷ್ಟೇ: ಲೆಕ್ಕ ಬಂದಾಗ ಉತ್ತರಕ್ಕಿಂತ ಮುಂಚೆ "ಸುಮಾರು ಎಷ್ಟಿರಬಹುದು?" ಅಂತ ಇಡೀ ತರಗತಿಗೆ ಕೇಳಿ.

ಓದುವ ರೀತಿ ಬದಲಿಸುವುದು ಇದಕ್ಕಿಂತ ಕಷ್ಟವಾಯಿತು. ಹೈಲೈಟರ್ ಬದಿಗಿಟ್ಟು, ಪಾಠ ಒಮ್ಮೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದದ್ದು ಬರೆಯಬೇಕು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಬೇಕು. ಅದೇ ಪಾಠವನ್ನು ಎರಡು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಹೀಗೇ ಮಾಡಬೇಕು. ಮೊದಲ ಹಾಳೆಯಲ್ಲಿ ಐದು ಸಾಲು ಇತ್ತು. "ಮಿಸ್, ಮೊದಲೇ ಚೆನ್ನಾಗಿತ್ತು. ಹಿಂಗೆ ಮಾಡಿದ್ರೆ ಏನೂ ಬರಲ್ಲ ಅನ್ಸುತ್ತೆ" ಅಂತ ಅಳುಮುಖ ಮಾಡಿದಳು. ಮಕ್ಕಳು ಈ ವಿಧಾನ ಬಿಟ್ಟುಬಿಡುವುದು ಇಲ್ಲೇ. ಕಷ್ಟ ಆಗುತ್ತಿದೆ ಅಂದರೆ ಕೆಲಸ ಮಾಡುತ್ತಿಲ್ಲ ಅಂದುಕೊಳ್ಳುತ್ತಾರೆ. ಅವಳ ಹಾಳೆಗಳನ್ನು ಎಸೆಯದೆ ಫೈಲ್ ಮಾಡಿಸಿದೆ. ಅದೇ ಪಾಠದ ಮೂರನೇ ಹಾಳೆ ಒಂದೂವರೆ ಪುಟ ಆದಾಗ ಅವಳೇ ಮೊದಲಿನದ್ದನ್ನು ತೆಗೆದು ನೋಡಿದಳು. ಆಮೇಲೆ ನಾನು ಹೇಳಬೇಕಾಗಲಿಲ್ಲ.

ಗಣಿತದ ನೋಟ್‌ಬುಕ್‌ನಲ್ಲಿ ಅಂಕ ಹಾಕದೆ ಮಾತು ಮಾತ್ರ ಬರೆಯೋಣ ಅಂತಲೂ ಒಪ್ಪಂದವಾಯಿತು. ರೂತ್ ಬಟ್ಲರ್ ಇಸ್ರೇಲ್‌ನ ಶಾಲಾ ಮಕ್ಕಳ ಮೇಲೆ ಮಾಡಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳ ಕೆಲಸ, ಆಸಕ್ತಿ ಎರಡೂ ಸುಧಾರಿಸಿದವು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡ ಕಣ್ಣು ಟಿಪ್ಪಣಿಗೆ ಹೋಗುವುದಿಲ್ಲ, ಇದು ನಮ್ಮೆಲ್ಲರ ಅನುಭವ ಅಲ್ವಾ. ಪರೀಕ್ಷೆಗೆ ಅಂಕ ಬಿಡಲಾಗದು, ನೋಟ್‌ಬುಕ್‌ಗೆ ಬಿಡಬಹುದು.

ಒಂದು ಉಪಾಯ ಫಲಿಸಲಿಲ್ಲ. ಜಾಣೆಯೊಬ್ಬಳನ್ನು ಅವಳ ಜೊತೆಗಾತಿ ಮಾಡಿ ಕೂರಿಸಿದ್ದೆವು. ಆ ಮಗು ಒಳ್ಳೆಯ ಮನಸ್ಸಿನಿಂದ ಎಲ್ಲ ಲೆಕ್ಕವನ್ನೂ ತಾನೇ ಮಾಡಿಕೊಟ್ಟಿತು, ಇವಳು ನಕಲು ಮಾಡಿಕೊಂಡಳು. ಬೇಗನೆ ಜಾಗ ಬದಲಿಸಿದೆವು. ತನಗಿಂತ ಸ್ವಲ್ಪ ಹಿಂದಿದ್ದ ಹುಡುಗನಿಗೆ ಗೆರೆಯ ಮೇಲಿನ ಜಾಗ ವಿವರಿಸುವಾಗಲೇ ಅವಳು ಹೆಚ್ಚು ಕಲಿತಳು.

ವರ್ಷದ ಕೊನೆಗೆ

ಮುಂದಿನ ಘಟಕ ಪರೀಕ್ಷೆಯಲ್ಲಿ ಗಣಿತ ಏರಲಿಲ್ಲ. ತಂದೆ ಫೋನ್ ಮಾಡಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಹಿಂದಿನದ್ದನ್ನು ಸರಿ ಮಾಡುವಾಗ ಇವತ್ತಿನ ಪಾಠ ಸ್ವಲ್ಪ ಹಿಂದೆ ಬೀಳುತ್ತದೆ. ಅವಳ ಫೈಲು, ನೋಟ್‌ಬುಕ್ ಎರಡನ್ನೂ ಅವರ ಮುಂದೆ ಇಟ್ಟೆ. ಅಂದಾಜು ಬರೆದಿದ್ದ ಸಾಲುಗಳನ್ನು ಅವರು ಒಂದೊಂದಾಗಿ ಓದಿದರು. ಬೆಳಗ್ಗೆ ಐದರ ಅಲಾರಂ ಆಗಲೇ ನಿಂತಿತ್ತು. ಅದನ್ನು ಮತ್ತೆ ಹಚ್ಚುವುದಿಲ್ಲ ಅಂತ ಒಪ್ಪಿಕೊಂಡು ಹೋದರು.

ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 63, ವಿಜ್ಞಾನಕ್ಕೆ 71, ಸಮಾಜಕ್ಕೆ 74. ಹಳೆಯ ಜಾಗಕ್ಕೆ ಇನ್ನೂ ಬಂದಿಲ್ಲ. ಭಿನ್ನರಾಶಿಯ ಲೆಕ್ಕಗಳಲ್ಲಿ ಮಾರ್ಜಿನ್‌ನಲ್ಲಿ ಸಣ್ಣ ಅಕ್ಷರದಲ್ಲಿ ಅಂದಾಜು ಇತ್ತು. ಋಣ ಸಂಖ್ಯೆಗಳಲ್ಲಿ ತಪ್ಪು ಹಾಗೇ ಉಳಿದಿದೆ, −7 + 3ಕ್ಕೆ −10 ಅಂತ ಬರೆದಿದ್ದಾಳೆ. ತರಗತಿಯಲ್ಲಿ ಕೈ ಎತ್ತುವುದು ಈಗಲೂ ಅಪರೂಪ. ಪೀರಿಯಡ್ ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ ಕೇಳುತ್ತಾಳೆ.

ಎಂಟನೇ ತರಗತಿಯ ಶಿಕ್ಷಕರಿಗೆ ಅಂಕಪಟ್ಟಿಯ ಜೊತೆ ಒಂದು ಪುಟ ಬರೆದು ಕೊಟ್ಟಿದ್ದೇನೆ. ಎಲ್ಲಿ ಸರಿಹೋಗಿದೆ, ಋಣ ಸಂಖ್ಯೆಗೆ ಅದೇ ಗೆರೆಯನ್ನು ಸೊನ್ನೆಯ ಎಡಕ್ಕೆ ಬೆಳೆಸಬಹುದು, ಒಬ್ಬಳನ್ನೇ ಎಬ್ಬಿಸಿ ಕೇಳುವುದು ಸದ್ಯಕ್ಕೆ ಬೇಡ, ಇಷ್ಟು ವಿವರ. ಶಾಲೆಗೂ ಒಂದು ಬೇಡಿಕೆ ಇಟ್ಟಿದ್ದೇನೆ. ಅರ್ಧವಾರ್ಷಿಕ ಮುಗಿದು ಅಂಕಪಟ್ಟಿ ಮನೆಗೆ ಹೋಗುವ ಮುಂಚೆ, ಒಂದು ಮಧ್ಯಾಹ್ನ ಎಲ್ಲ ವಿಷಯದ ಶಿಕ್ಷಕರೂ ಒಂದೇ ಕೋಣೆಯಲ್ಲಿ ಕೂರಬೇಕು. ಇದ್ದಕ್ಕಿದ್ದಂತೆ ಇಳಿದ ಮಕ್ಕಳ ಪತ್ರಿಕೆಗಳನ್ನಷ್ಟೇ ಪಕ್ಕಪಕ್ಕ ಇಟ್ಟು ಓದಿದರೂ ಸಾಕು. ಬರುವ ವರ್ಷದ ವೇಳಾಪಟ್ಟಿಯಲ್ಲಿ ಆ ಮಧ್ಯಾಹ್ನಕ್ಕೆ ಜಾಗ ಕೊಡುತ್ತೇವೆ ಅಂತ ಮುಖ್ಯ ಶಿಕ್ಷಕರು ಹೇಳಿದ್ದಾರೆ. ಆರು ಮತ್ತು ಏಳನೇ ತರಗತಿಗಳಿಂದ ಶುರು ಮಾಡುತ್ತೇವೆ.